ಅನುಬಂಧ ಎರಡು

ನವೆಂಬರ್ 4

ಲೇ ಗಂಟೆ,

ನಿನ್ನನ್ನು ಬಸ್ಸು ಹತ್ತಿಸಿ ಒಂಬತ್ತು ದಿನವಾಯಿತು. ಹನ್ನೊಂದು ವರ್ಷ ನಿನ್ನ ಪಕ್ಕದ ಸಾಲಿನಲ್ಲಿ ನಿಂತು ದ್ರಾಕ್ಷಿ ಗೊನೆ ಸವರಿದವಳು ನಾನು. ನಿನ್ನ ಗಂಟಲು ಒಂದಿಲ್ಲದಿದ್ದರೆ ತಲೆನೋವು ಕಡಿಮೆಯಾದೀತು ಅಂದುಕೊಂಡಿದ್ದೆ. ಈಗ ನೋಡಿದರೆ ಕಿವಿಗೇ ಏನೋ ರೋಗ ಬಂದಂತಿದೆ. ಮೊದಲ ಸಾಲಿನಲ್ಲಿ ನಿಂತು ನೀನು ‘ಊಟಕ್ಕೆ ಬನ್ರೇ’ ಎಂದರೆ ನಲವತ್ತನೇ ಸಾಲಿನವರು ಬುತ್ತಿ ಬಿಚ್ಚುತ್ತಿದ್ದರು. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಕೂಗಿದರೆ ಪಕ್ಕದವಳು ‘ಏನಾದ್ರೂ ಕೇಳಿದ್ಯಾ?’ ಅನ್ನುತ್ತಾಳೆ.

ವಿಳಾಸದ ಮಾತು ಮೊದಲು ಹೇಳಿಬಿಡುತ್ತೇನೆ. ತೋಟಕ್ಕೆ ಬರೆಯಬೇಡ. ಇಲ್ಲಿಗೆ ಬರುವ ಟಪಾಲೆಲ್ಲ ಮೇಸ್ತ್ರಿಯ ಮೇಜಿನ ಮೇಲೆ ಬೀಳುತ್ತದೆ, ಅವನು ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಫೋನಂತೂ ಬೇಡವೇ ಬೇಡ, ಅದಿರುವುದೂ ಅವನ ಮೊಣಕೈ ಪಕ್ಕದಲ್ಲೇ. ಕೂಡುರಸ್ತೆಯ ದರ್ಜಿ ಅಂಗಡಿಗೆ ಬರಿ. ಕೇಳಿದ್ದಕ್ಕೆ ಅವನು, ‘ಬಾಯಿ ಹೊಲ್ಕೊಂಡೇ ಇರ್ತೀನಮ್ಮ, ನನ್ನ ಕಸುಬೇ ಅದಲ್ವಾ’ ಅಂದ.

ಮೊನ್ನೆ ಬುಧವಾರ ಮತ್ತೆ ಅದೇ ಕಥೆ. ಟ್ರ್ಯಾಕ್ಟರಿನವನು ಔಷಧಿ ಹೊಡೆದು ಆಚೆ ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಮೇಸ್ತ್ರಿ ನಮ್ಮನ್ನು ಚಪ್ಪರದ ಕೆಳಗೆ ಇಳಿಸಿದ. ಎಲೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡೆವು. ‘ಮಳೆ ಅಂದ್ಕೊಳ್ರೇ’ ಎಂದು ಹಲ್ಲು ಕಿರಿದ. ನೀನಿದ್ದಿದ್ದರೆ ಆ ಹಲ್ಲು ಎಣಿಸಿ ಕೈಗೆ ಕೊಡುತ್ತಿದ್ದೆ.

ಗೋದಾಮಿನ ಹಿಂದೆ ನಿಂತು ನೀನು ಹೇಳಿದ ಮಾತನ್ನೇ ಹೆಂಗಸರು ಈಗಲೂ ಆಡಿಕೊಳ್ಳುತ್ತಾರೆ. ಖಾಯಂ ಆಗಲಿ ಹಂಗಾಮಿ ಆಗಲಿ, ಒಂದೇ ಕೆಲಸಕ್ಕೆ ಒಂದೇ ಕೂಲಿ. ಔಷಧಿ ಹೊಡೆದ ದಿನ ಯಾರನ್ನೂ ಒಳಗೆ ಇಳಿಸಬಾರದು. ಬಾಗಿಲಿರುವ ಕಕ್ಕಸು, ಔಷಧಿ ಕಲಸುವ ಡ್ರಮ್ಮಿನದಲ್ಲದ ನೀರು. ಕೂಲಿಗಾರರ ಸಂಘದವರು ಒಬ್ಬರನ್ನು ಪಟ್ಟಣದ ಕಚೇರಿಗೆ ಕಳಿಸಿ ಅಂದಾಗ ನೂರ ಇಪ್ಪತ್ತು ಕೈ ನಿನಗೇ ಎದ್ದವು. ಮೊದಲು ಎದ್ದದ್ದು ನನ್ನದು. ದಿನವಿಡೀ ಕೈ ಮೇಲೆತ್ತಿಯೇ ನಿಲ್ಲುವ ಕೆಲಸ ನಮ್ಮದು, ಆದರೂ ಅವತ್ತು ಭುಜ ನೋಯಲಿಲ್ಲ ನೋಡು.

ಹೊತ್ತು ಹೊತ್ತಿಗೆ ಉಣ್ಣು. ಅಲ್ಲಿಯ ದೊಡ್ಡ ಮನುಷ್ಯರ ಮುಂದೆ ಗಂಟಲು ತಗ್ಗಿಸಬೇಡ.

ನಿನ್ನ
ಕತ್ತರಿ


ನವೆಂಬರ್ 19

ಪ್ರೀತಿಯ ಕತ್ತರಿ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ಕಚೇರಿ ಎಂದರೆ ಟೈರ್ ಅಂಗಡಿಯ ಮೇಲಿನ ಮೂರು ಕೋಣೆ. ಕೆಳಗಿನಿಂದ ರಬ್ಬರ್ ವಾಸನೆ ಬರುತ್ತದೆ, ಬಟ್ಟೆಯಲ್ಲೂ ಸೇರಿಕೊಂಡಿದೆ. ಮೂಲೆಯ ಕೋಣೆಯಲ್ಲಿ ನನಗೊಂದು ಮಂಚ ಹಾಕಿಕೊಟ್ಟಿದ್ದಾರೆ. ಕಿಟಕಿ ತೆರೆದರೆ ಎದುರು ಗೋಡೆ. ಎಲೆ ಎಂಬುದನ್ನು ನೋಡಿ ಮೂರು ವಾರವಾಯಿತು.

ಮೊದಲ ಸಭೆಯಲ್ಲಿ ನಾನು ಬಾಯಿ ತೆರೆಯಲಿಲ್ಲ ಎಂದರೆ ನಂಬುತ್ತೀಯಾ? ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಆಡಬೇಕು, ಆಡುವ ಮುಂಚೆ ಕೈ ಎತ್ತಬೇಕು, ಎತ್ತಿದರೂ ಕಾರ್ಯದರ್ಶಿಗಳು ಹೆಸರು ಕರೆಯಬೇಕು. ನನ್ನ ಸರದಿ ಬರುವಷ್ಟರಲ್ಲಿ ಸಿಟ್ಟು ಆರಿ ತಣ್ಣಗಾಗಿತ್ತು. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯ. ಆಮೇಲೆ ಪಕ್ಕಕ್ಕೆ ಕರೆದು, ‘ನಿಮ್ಮ ದನಿ ದೊಡ್ಡದಮ್ಮ, ಆದ್ರೆ ಮೇಜಿನ ಎದುರು ಕೂತವನಿಗೆ ದನಿ ಬೇಡ, ಕಾಗದ ಬೇಕು’ ಎಂದರು.

ಆ ಕಾಗದ ನಿನ್ನಿಂದಲೇ ಆಗಬೇಕು. ತೋಟದ ನೂರ ಇಪ್ಪತ್ತು ಜನರ ಪಟ್ಟಿ ಮಾಡಿ ಕಳಿಸು. ಯಾರು ಯಾವ ವರ್ಷ ಸೇರಿದರು, ಮಧ್ಯೆ ಬಿಟ್ಟಿದ್ದರೆ ಯಾವಾಗ ಬಿಟ್ಟರು, ಯಾವಾಗ ವಾಪಸು ಬಂದರು, ಎಲ್ಲ ಬೇಕು. ಎರಡು ಹಾಳೆ ಮಾಡು. ಮೂರು ವರ್ಷ ಒಂದೇ ಸಮ ದುಡಿದವರದು ಒಂದು, ನಡುವೆ ಬಿಟ್ಟವರದೂ ಹಂಗಾಮಿಗಳದೂ ಇನ್ನೊಂದು. ಮೇಸ್ತ್ರಿಯ ಪುಸ್ತಕವನ್ನು ನಂಬುವ ಹಾಗಿಲ್ಲ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಬೇರೆ ಯಾರಿಗೂ ವಹಿಸಬೇಡ.

ನಿನ್ನ ಕಣ್ಣಿನ ಸಮಾಚಾರದ ತಾರೀಖೂ ಸರಿಯಾಗಿ ಬರಿ. ಎಷ್ಟು ವಾರ ಮನೆಯಲ್ಲಿದ್ದೆ ಎನ್ನುವುದು ನನಗೆ ಮರೆತುಹೋಗಿದೆ.

ನಿನ್ನ
ಗಂಟೆ


ಡಿಸೆಂಬರ್ 7

ಲೇ ಗಂಟೆ,

ಪಟ್ಟಿ ಮುಗಿಯಿತು, ಇದರ ಜೊತೆಗೇ ಇಟ್ಟಿದ್ದೇನೆ. ಹದಿನೈದು ದಿನ ಕೂಲಿ ಲೈನಿನ ಮನೆ ಮನೆ ಅಲೆದೆ. ಕೆಲಸ ಬಿಟ್ಟ ಮೇಲೆ ಕಾಲು ತೊಳೆದುಕೊಂಡು ಹೊರಟರೆ ಒಂದು ಸಂಜೆಗೆ ಎಂಟು ಮನೆ. ಗಣತಿಯವರೂ ಇಷ್ಟು ಓಡಾಡುವುದಿಲ್ಲ ಎಂದು ನಮ್ಮತ್ತೆ ಗೊಣಗಿದರು.

ತಾರೀಖು ಕೇಳಿದರೆ ಯಾರಿಗೆ ನೆನಪಿರುತ್ತದೆ ಹೇಳು. ಒಬ್ಬಳು ಹಲ್ಲು ಬಿದ್ದ ವರ್ಷ ಸೇರಿದೆ ಎನ್ನುತ್ತಾಳೆ, ಇನ್ನೊಬ್ಬಳು ಗಂಡ ಬಿಟ್ಟ ವರ್ಷ. ನಮ್ಮ ದೊಡ್ಡಮ್ಮ ಇದ್ದಾಳಲ್ಲ, ಮೂರನೇ ಸಾಲಿನ ಮುದುಕಿ, ಅವಳು ಕಣ್ಣು ಮಿಟುಕಿಸಿ, ‘ನಾನು ಬಂದಾಗ ಈ ಬಳ್ಳೀನೇ ಇರ್ಲಿಲ್ಲ. ಬಳ್ಳೀನ ಕೇಳು, ನನ್ನ ವಯಸ್ಸು ಅದೇ ಹೇಳತ್ತೆ’ ಅಂದಳು. ಹೋದ ವರ್ಷ ಮಗಳ ಬಾಣಂತನಕ್ಕೆ ಎರಡು ತಿಂಗಳು ಹೋಗಿದ್ದಳು. ಬಂದಾಗ ಮೇಸ್ತ್ರಿ ಅವಳನ್ನು ಹಂಗಾಮಿ ಪುಸ್ತಕಕ್ಕೆ ಹಾಕಿದ್ದ. ಆದ್ದರಿಂದ ಎರಡನೇ ಹಾಳೆಯಲ್ಲಿದ್ದಾಳೆ.

ಎಲ್ಲರೂ ಸುಮ್ಮನೆ ಕೊಡಲಿಲ್ಲ. ಹೆಸರು ಕಾಗದಕ್ಕೆ ಏರಿದರೆ ಏನಾಗುತ್ತದೋ ಎಂಬ ಭಯ. ‘ಈ ಪಟ್ಟಿ ಮಾಲೀಕರ ಕೈ ಸೇರಿದ್ರೆ?’ ಅಂತ ಒಬ್ಬಳು ಕೇಳಿದಳು. ನಾನು, ‘ಇದು ಹೋಗೋದು ಗಂಟೆ ಕೈಗೆ. ನಂಬಿಕೆ ಬರ್ಲಿಲ್ಲಾಂದ್ರೆ ನನ್ನ ಮೇಲಿಡು’ ಅಂದೆ. ಅಷ್ಟು ಸಾಕಾಯಿತು. ಬಸುರಿಯೊಬ್ಬಳು ತಾನೇ ಕೂಗಿ ಕರೆದು ಬರೆಸಿದಳು, ‘ನನ್ನ ಹೆಸರು ಬಿಟ್ಹೋಗ್ಬಾರ್ದಕ್ಕಾ’ ಅಂತ. ನಗು ಬಂತು.

ನನ್ನ ತಾರೀಖು ಕೇಳಿದ್ದೀಯ. ನಿನಗೆ ಮರೆತಿದೆ ಎಂದರೆ ನನಗೇ ಆಶ್ಚರ್ಯ. ಎರಡು ವರ್ಷದ ಹಿಂದೆ, ಜನವರಿ ಹನ್ನೊಂದು. ಔಷಧಿಯ ತುಂತುರು ಎರಡೂ ಕಣ್ಣಿಗೆ ಬಿದ್ದು ನಾನು ಸಾಲಿನಲ್ಲೇ ಕುಕ್ಕರಿಸಿದಾಗ, ಕತ್ತರಿ ಬಿಸಾಕಿ ಓಡಿ ಬಂದವಳು ನೀನು. ನನ್ನ ಕೈ ಹಿಡಿದು ಮನೆತನಕ ನಡೆಸಿದೆ. ‘ಎಡಕ್ಕೆ ಕಲ್ಲಿದೆ, ಬಲಕ್ಕೆ ಕೆಸರಿದೆ’ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಏಳು ವಾರ ಮನೆಯಲ್ಲಿದ್ದೆ. ಮಾರ್ಚ್ ಒಂದಕ್ಕೆ ವಾಪಸು. ಅವತ್ತಿನಿಂದ ನಾನೂ ಹಂಗಾಮಿ. ಎಲ್ಲರದೂ ಮುಗಿದ ಮೇಲೆ ಎರಡನೇ ಹಾಳೆಯ ಕೊನೆಗೆ ನನ್ನ ಹೆಸರು ಬರೆದೆ, ಐವತ್ತೆಂಟನೆಯದು.

ಹಾಳೆ ಮಡಚುವ ಮುಂಚೆ ಹೆಸರುಗಳನ್ನು ಮತ್ತೊಮ್ಮೆ ಎಣಿಸಿದೆ. ಇಷ್ಟು ಜನರ ಬದುಕನ್ನು ಯಾವತ್ತೂ ಲಕೋಟೆಗೆ ಹಾಕಿರಲಿಲ್ಲ ನೋಡು.

ನಿನ್ನ
ಕತ್ತರಿ


ಡಿಸೆಂಬರ್ 29

ಪ್ರೀತಿಯ ಕತ್ತರಿ,

ಪಟ್ಟಿ ತಲುಪಿತು. ಕಾರ್ಯದರ್ಶಿಗಳು ನಿನ್ನ ಅಕ್ಷರ ನೋಡಿ, ‘ಇದನ್ನ ಟೈಪ್ ಮಾಡಿಸೋದೇ ಬೇಡ’ ಎಂದರು.

ಮಾತುಕತೆ ನಡೆಯುತ್ತಿದೆ. ಎರಡು ಸಲ ಮಾಲೀಕರೂ ಬಂದಿದ್ದರು. ಹತ್ತಿರದಿಂದ ನೋಡಿದರೆ ಅವರೂ ಮನುಷ್ಯರೇ, ಮಂಡಿನೋವಂತೆ, ಕುರ್ಚಿಯಿಂದ ಏಳುವಾಗ ಅಯ್ಯೋ ಅನ್ನುತ್ತಾರೆ. ಎಲ್ಲವೂ ಒಂದೇ ಸಲಕ್ಕೆ ಆಗುವಂಥದ್ದಲ್ಲ. ಹಸಿದವನು ಅರ್ಧ ತುತ್ತನ್ನು ನೆಲಕ್ಕೆ ಚೆಲ್ಲುವುದಿಲ್ಲ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಅದೂ ಸರಿಯೇ ಅನ್ನಿಸುತ್ತದೆ.

ಹೆಂಗಸರಿಗೆ ಸ್ವಲ್ಪ ತಾಳ್ಮೆ ಇರಲಿ ಎಂದು ಹೇಳು. ಮೇಸ್ತ್ರಿಯ ಜೊತೆ ಜಗಳಕ್ಕೆ ನಿಲ್ಲಬೇಡಿ. ನನಗೆ ಇಲ್ಲಿ ಬಹಳ ಕೆಲಸ, ಹೆಚ್ಚು ಬರೆಯಲಾಗುವುದಿಲ್ಲ.

ನಿನ್ನ ಕಣ್ಣು ಈಗ ಹೇಗಿದೆ?

ಗಂಟೆ


ಜನವರಿ 16

ಲೇ ಗಂಟೆ,

ಒಂದರ ಮೇಲೊಂದು ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ದರ್ಜಿಯನ್ನು ದಿನಾ ಕೇಳಿ ಕೇಳಿ ಅವನಿಗೂ ಮುಜುಗರ. ನನ್ನನ್ನು ಕಂಡ ಕೂಡಲೇ ದೂರದಿಂದಲೇ ತಲೆಯಾಡಿಸುತ್ತಾನೆ.

ಕಾಯಿ ತೆಳು ಮಾಡುವ ಕೆಲಸ ನಡೆದಿದೆ. ನಿನಗೆ ಗೊತ್ತಿದ್ದದ್ದೇ, ಒಂದು ಗೊನೆಯಲ್ಲಿ ಮೂರಕ್ಕೊಂದು ಕಾಯಿ ಕತ್ತರಿಸಿ ಬೀಳಿಸಬೇಕು, ಮಿಕ್ಕವು ದಪ್ಪಗಾಗಲಿ ಎಂದು. ಕತ್ತು ಹಿಂದಕ್ಕೆ ಬಾಗಿಸಿ ನಿಂತು ಸಂಜೆಯಾಗುವಷ್ಟರಲ್ಲಿ ಆಕಾಶವೇ ಬೇಡವೆನ್ನಿಸುತ್ತದೆ. ಬಸುರಿಗೆ ನಿಲ್ಲಲಾಗುವುದಿಲ್ಲ, ಅವಳ ಸಾಲನ್ನು ನಾನೂ ದೊಡ್ಡಮ್ಮನೂ ಹಂಚಿಕೊಂಡಿದ್ದೇವೆ.

ಬೆಳಿಗ್ಗೆ ಸಾಲಿಗೆ ಇಳಿಯುವ ಮುಂಚೆ ಒಬ್ಬಳಲ್ಲ ಒಬ್ಬಳು ಕೇಳುತ್ತಾಳೆ, ‘ಗಂಟೆ ಹೊಡೀತೇನೇ?’ ಮೊದಮೊದಲು ನಗುತ್ತಿದ್ದರು. ಈಗ ನಗದೆ ಕೇಳುತ್ತಾರೆ. ನಾನು, ‘ಗಂಟೆ ದೊಡ್ಡದಾದಷ್ಟೂ ತೂಗೋಕೆ ಹೊತ್ತು ಬೇಕು’ ಎಂದು ಏನೋ ಒಂದು ಹೇಳಿ ಸಾಗಹಾಕುತ್ತೇನೆ.

ಹುಷಾರಿಲ್ಲವೇನೇ? ಅಷ್ಟನ್ನಾದರೂ ಬರಿ. ಎರಡು ಸಾಲು ಸಾಕು.

ನಿನ್ನ
ಕತ್ತರಿ


ಫೆಬ್ರವರಿ 3

ಗಂಟೆ,

ನಿನ್ನೆ ಹನ್ನೊಂದು ಗಂಟೆಯ ಹೊತ್ತಿಗೆ ಬಿಳಿ ಕಾರು ಬಂದು ಗೋದಾಮಿನ ಮುಂದೆ ನಿಂತಿತು. ಮಾಲೀಕರು ಇಳಿದರು, ಕನ್ನಡಕದವರೊಬ್ಬರು ಇಳಿದರು, ಆಮೇಲೆ ನೀನು. ಕಡುನೀಲಿ ಶಾಲು ಹೊದ್ದಿದ್ದೆ. ನಾನು ಏಳನೇ ಸಾಲಿನ ತುದಿಯಲ್ಲಿದ್ದೆ, ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಈಗ ಬರುತ್ತಾಳೆ ಎಂದು ಕತ್ತರಿ ಸೊಂಟಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡು ನಿಂತೆ. ಪಕ್ಕದವಳಿಗೂ ಹೇಳಿದೆ, ‘ಬಂದ್ಲು ನೋಡೇ’ ಅಂತ.

ನೀನು ಗೋದಾಮಿನೊಳಗೆ ಹೋದೆ. ಸ್ವಲ್ಪ ಹೊತ್ತಿಗೆ ಹೊರಬಂದೆ. ಕಾರು ಹೋಯಿತು.

ಊಟದ ಹೊತ್ತಿಗೆ ಗೋಡೆಯ ಮೇಲೆ ಕಾಗದ ಅಂಟಿಸಿದ್ದರು. ಓದಲು ಬರುವವಳು ನಾನೇ ತಾನೆ, ಎಲ್ಲರೂ ನನ್ನನ್ನು ಮುಂದಕ್ಕೆ ತಳ್ಳಿದರು. ದೊಡ್ಡ ದನಿಯಲ್ಲಿ ಓದಲು ಶುರು ಮಾಡಿದೆ. ಸಂಘಕ್ಕೂ ತೋಟಕ್ಕೂ ಆದ ಒಪ್ಪಂದ. ಅನುಬಂಧ ಒಂದರಲ್ಲಿರುವ ಅರವತ್ತೆರಡು ಜನ ಖಾಯಂ, ಅವರಿಗೆ ಹೊಸ ಕೂಲಿ. ಅನುಬಂಧ ಎರಡರಲ್ಲಿರುವ ಐವತ್ತೆಂಟು ಜನ ಹಂಗಾಮಿ, ಹಳೆಯ ಕೂಲಿ. ಬೇಕಾದಾಗ ಕರೆಯಬಹುದು, ಬೇಡವಾದಾಗ ಕಳಿಸಬಹುದು. ಇವರ ಪರವಾಗಿ ಸಂಘವು ಈ ಹಂಗಾಮಿನಲ್ಲಿ ಯಾವ ತಕರಾರನ್ನೂ ಎತ್ತತಕ್ಕದ್ದಲ್ಲ. ಔಷಧಿಯ ಮಾತಿಲ್ಲ. ಕಕ್ಕಸಿನ ಮಾತಿಲ್ಲ. ನೀರಿನ ಮಾತಿಲ್ಲ.

ಅನುಬಂಧ ಎಂದರೆ ನಂಟು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಒಪ್ಪಂದದ ಬಾಲಕ್ಕೆ ಕಟ್ಟುವ ಹಾಳೆಗೂ ಅದೇ ಹೆಸರಂತೆ.

ಪಕ್ಕದ ಹಾಳೆಗೆ ಬಂದರೆ ನನ್ನ ಅಕ್ಷರ. ನಾನು ಬರೆದ ಎರಡನೇ ಹಾಳೆಯನ್ನೇ ಯಂತ್ರದಲ್ಲಿ ನಕಲು ಮಾಡಿ, ಮೇಲೊಂದು ತಲೆಬರಹ ಅಂಟಿಸಿದ್ದಾರೆ. ದೊಡ್ಡಮ್ಮನ ಬಾಣಂತನದ ತಾರೀಖು, ಬಸುರಿಯ ಹೆಸರಿನ ಪಕ್ಕ ಶಾಯಿ ಚೆಲ್ಲಿದ ಕಲೆ, ಎಲ್ಲ ಹಾಗೇ ಇದೆ. ಕೊನೆಗೆ ನಾನು, ಅದರ ಕೆಳಗೆ ನಿನ್ನ ಸಹಿ.

ಓದುವುದನ್ನು ನಿಲ್ಲಿಸಿದೆ. ಓದು ಬಾರದವರಿಗೂ ಆ ಅಕ್ಷರ ಯಾರದೆಂದು ಗೊತ್ತು, ಅವರ ಮನೆಯ ಹೊಸಿಲ ಮೇಲೆ ಕೂತು ಬರೆದದ್ದಲ್ಲವೆ. ಯಾರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸುರಿ ಮಾತ್ರ, ‘ನಾನೇ ಕರೆದು ಬರೆಸಿದ್ನಲ್ಲಕ್ಕಾ’ ಎಂದಳು. ದೊಡ್ಡಮ್ಮ ತನ್ನ ಬುತ್ತಿ ಎತ್ತಿಕೊಂಡು ಬೇರೆ ನೆರಳಿಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸಂಜೆ ಕೊಳಾಯಿಯ ಹತ್ತಿರ ನಾನು ಬಿಂದಿಗೆ ಇಟ್ಟ ಕೂಡಲೇ ಮಾತು ನಿಂತಿತು. ಪಟ್ಟಿ ಮಾರಿ ನಾನೇನೋ ತಿಂದೆ ಎಂದು ಲೈನಿನಲ್ಲೆಲ್ಲ ಮಾತು. ನಮ್ಮತ್ತೆಯೇ ಕೇಳಿದರು, ‘ಏನಾದ್ರೂ ತಗೊಂಡ್ಯೇನೇ? ನನ್ನ ಹತ್ರ ಹೇಳು.’

ನಾನು ಏನು ಹೇಳಲಿ? ನೀನೇ ಬರೆದು ತಿಳಿಸು. ಇದು ನಿನಗೆ ಗೊತ್ತಿಲ್ಲದೆ ಆಯಿತು ಎಂದು ಬರಿ, ನಂಬುತ್ತೇನೆ.

ಕತ್ತರಿ


ಫೆಬ್ರವರಿ 12

ಪ್ರೀತಿಯ ಕತ್ತರಿ,

ಗೊತ್ತಿಲ್ಲದೆ ಆಗಲಿಲ್ಲ. ನಿನಗೆ ಸುಳ್ಳು ಹೇಳಲು ಮೂರು ದಿನ ಪ್ರಯತ್ನಪಟ್ಟೆ, ಪೆನ್ನು ಏಳಲಿಲ್ಲ.

ಪಟ್ಟಿ ಕೇಳಿದಾಗ ಅದು ಯಾತಕ್ಕೆ ಎಂದು ನನಗೆ ಸರಿಯಾಗಿ ಹೇಳಿರಲಿಲ್ಲ. ಆದರೆ ನಿನ್ನ ತಾರೀಖು ಕೇಳಿದಾಗ ಅರ್ಧ ಗೊತ್ತಿತ್ತು. ಮೂರು ವರ್ಷದ ಗೆರೆ ಎಳೆಯುತ್ತಾರೆ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿತ್ತು. ನೀನು ಗೆರೆಯ ಯಾವ ಕಡೆ ಬೀಳುತ್ತೀಯ ಎಂದು ತಿಳಿಯಬೇಕಿತ್ತು ನನಗೆ. ಹೇಗಾದರೂ ಈಚೆ ಬೀಳಲಿ ಎಂದು ಹಾರೈಸಿಕೊಂಡೇ ಕೇಳಿದೆ. ಏಳು ವಾರ ಎಂದು ಬಂತು.

ಮಾಲೀಕರು ಖಡಾಖಂಡಿತ ಹೇಳಿದರು, ಎಲ್ಲರಿಗೂ ಎಂದರೆ ಯಾರಿಗೂ ಇಲ್ಲ, ಬಳ್ಳಿ ಕೀಳಿಸಿ ಜಾಗ ಮಾರುತ್ತೇನೆ ಎಂದು. ಹುಸಿ ಬೆದರಿಕೆ ಇರಬಹುದು. ನಿಜವಾಗಿದ್ದರೆ? ನೂರ ಇಪ್ಪತ್ತು ಮನೆಯ ಒಲೆ ಆರುವುದಕ್ಕಿಂತ ಅರವತ್ತೆರಡು ಉರಿಯಲಿ ಎಂದು ಕಾರ್ಯದರ್ಶಿಗಳು ಅಂದರು. ಮುಂದಿನ ವರ್ಷ ಮಿಕ್ಕವರದು ನೋಡೋಣ ಎಂದರು. ನಾನು ಕೂಗಾಡಿದೆ ಕತ್ತರಿ, ನಿನಗೆ ನಂಬಿಕೆ ಬರಲಿಕ್ಕಿಲ್ಲ. ಟೈರ್ ಅಂಗಡಿಯವರು ಮೇಲೆ ಬಂದು ನೋಡಿ ಹೋದರು. ಕೂಗಿ ಮುಗಿದ ಮೇಲೆ ಕಾಗದ ಮೇಜಿನ ಮೇಲೆ ಹಾಗೇ ಇತ್ತು.

ಇನ್ನೊಂದು ಮಾತು. ನಿನ್ನೊಬ್ಬಳ ಹೆಸರನ್ನು ಮೊದಲ ಹಾಳೆಗೆ ಹಾಕಿಸಿಕೊಡುತ್ತೇನೆ ಎಂದು ಕಾರ್ಯದರ್ಶಿಗಳು ಹೇಳಿದ್ದರು. ನಾನೇ ಬೇಡ ಎಂದೆ. ಸ್ನೇಹಿತೆಯೊಬ್ಬಳನ್ನು ಎಳೆದುಕೊಂಡಳು ಎನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಸರಿಯೋ ತಪ್ಪೋ ಈಗಲೂ ತಿಳಿಯದು.

ಅವತ್ತು ನಾನು ನಿನ್ನನ್ನು ನೋಡಲಿಲ್ಲ ಎಂದುಕೊಳ್ಳಬೇಡ. ಹೊರಗೆ ನಿಂತವರಿಗೆ ಚಪ್ಪರದ ಕೆಳಗಿನವರ ಪಾದವಷ್ಟೇ ಕಾಣುತ್ತದೆ. ಏಳನೇ ಸಾಲಿನಲ್ಲಿ ನಿನ್ನ ಪಾದ ಕಂಡಿತು. ನನ್ನ ಕಾಲು ಬರಲಿಲ್ಲ.

ಒಂದು ಬೇಡಿಕೆ. ನಾನು ಬರೆದ ಕಾಗದಗಳನ್ನು ಯಾರಿಗೂ ತೋರಿಸಬೇಡ. ಮುಂದಿನ ತಿಂಗಳು ನನ್ನನ್ನು ಇಲ್ಲಿ ಖಾಯಂ ಮಾಡುವ ಮಾತಿದೆ. ಒಳಗೆ ಇದ್ದರೆ ತಾನೇ ಮುಂದಿನ ವರ್ಷ ನಿಮ್ಮ ಪರವಾಗಿ ಏನಾದರೂ ಮಾಡಲು ಸಾಧ್ಯ? ಈ ಕಾಗದವನ್ನಂತೂ ಓದಿ ಒಲೆಗೆ ಹಾಕು.

ನಿನ್ನವಳೇ,
ಗಂಟೆ


ಫೆಬ್ರವರಿ 20

ಗಂಟೆ,

ಒಲೆಗೆ ಹಾಕಲಿಲ್ಲ.

ಎರಡು ದಿನ ಇಟ್ಟುಕೊಂಡು ತಿರುಗಿದೆ. ಗೆಳತಿ ಗುಟ್ಟಾಗಿ ಬರೆದದ್ದನ್ನು ನಾಲ್ಕು ಜನರ ಮುಂದೆ ಬಿಚ್ಚುವುದು ಎಂಥ ಕೆಲಸ ಎಂದು ನನಗೂ ಗೊತ್ತು. ಮೂರನೇ ದಿನ ಬಸುರಿ ಸಾಲಿನಲ್ಲಿ ತಲೆಸುತ್ತಿ ಬಿದ್ದಳು. ಹಿಡಿಯಲು ಹೋದೆ, ಅಂಥ ಸ್ಥಿತಿಯಲ್ಲೂ ನನ್ನ ಕೈ ಕೊಡವಿದಳು. ಅಲ್ಲಿಗೆ ಮುಗಿಯಿತು. ಊಟದ ಹೊತ್ತಿಗೆ ನಿನ್ನ ಮೂರೂ ಕಾಗದ ತೆಗೆದುಕೊಂಡು ನಡುವೆ ನಿಂತೆ. ನನ್ನ ದನಿ ಕೇಳುವುದಿಲ್ಲ ಎಂದು ಅವರೇ ಹತ್ತಿರ ಬರಬೇಕಾಯಿತು. ಬರುವುದೋ ಬೇಡವೋ ಎಂದು ಬಂದರು.

ಎಲ್ಲ ಓದಿದೆ. ಪಟ್ಟಿ ಕೇಳಿದ್ದು, ಅರ್ಧ ತುತ್ತಿನ ಮಾತು, ಏಳು ವಾರ, ನಿನ್ನನ್ನು ಖಾಯಂ ಮಾಡುವ ವಿಷಯ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ನೀನು ಕೂಗಾಡಿದ್ದನ್ನೂ ಓದಿದೆ. ಮುಗಿಸಿ ಕಾಗದ ಮಡಚಿದೆ. ಆಮೇಲೆ ದೊಡ್ಡಮ್ಮ, ‘ಹಾಗಾದ್ರೆ ನೀನೂ ನಮ್ಮಂಗೇ ಮೋಸ ಹೋದೋಳು. ಅದ್ಯಾಕೆ ಮೊದ್ಲೇ ಹೇಳ್ಲಿಲ್ಲ, ಕತ್ತೆ’ ಅಂದಳು. ಬೈಗುಳ ಕೇಳಿ ನನಗೆ ಅಳು ಬಂತು. ಅತ್ತುಬಿಟ್ಟೆ ಕಣೇ, ಎಲ್ಲರ ಮುಂದೆ.

ನನ್ನೊಬ್ಬಳನ್ನು ಮೊದಲ ಹಾಳೆಗೆ ಎಳೆದಿದ್ದರೆ ನಾನು ಲೈನಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಅದೊಂದು ಮಾತ್ರ ನೀನು ಸರಿ ಮಾಡಿದೆ. ಅರವತ್ತೆರಡು ಒಲೆ ಎಂದು ಬರೆದಿದ್ದೀಯ. ಲೆಕ್ಕ ಸರಿಯಿರಬಹುದು. ಆದರೆ ನಮ್ಮನ್ನು ಒಂದು ಮಾತು ಕೇಳಬಹುದಿತ್ತು. ‘ಹೀಗಿದೆ ಕಣ್ರೇ, ಸಹಿ ಹಾಕಲೋ ಬೇಡವೋ’ ಎಂದು ಕೇಳಿದ್ದರೆ ಬೈದು, ಅತ್ತು, ನಾವೇ ಹಾಕು ಎನ್ನುತ್ತಿದ್ದೆವೋ ಏನೋ. ಯಾರಿಗೆ ಗೊತ್ತು? ನೀನು ಕೇಳಲಿಲ್ಲ.

ಬರುವ ಸೋಮವಾರ ಕೊಯ್ಲು ಶುರು. ಐವತ್ತೆಂಟು ಜನ ಒಳಗೆ ಹೋಗುವುದಿಲ್ಲ, ಗೇಟಿನ ಹೊರಗೆ ಕೂರುತ್ತೇವೆ. ಸಂಘ ನಮ್ಮ ಪರವಾಗಿ ತಕರಾರು ಎತ್ತಬಾರದು ಎಂದಿದೆ, ನಾವೇ ಎತ್ತಬಾರದು ಎಂದು ಎಲ್ಲೂ ಬರೆದಿಲ್ಲ. ಎರಡೆರಡು ಸಲ ಓದಿ ನೋಡಿದೆ.

ಕತ್ತರಿ


ಏಪ್ರಿಲ್ 2

ಪ್ರೀತಿಯ ಕತ್ತರಿ,

ಈ ಕಾಗದ ನಿನಗೆ ತಲುಪುತ್ತದೋ ಇಲ್ಲವೋ. ನೀನು ತೋಟ ಬಿಟ್ಟೆ ಎಂದು ಕೇಳಿದೆ, ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ದರ್ಜಿಯ ಅಂಗಡಿಗೇ ಹಾಕುತ್ತಿದ್ದೇನೆ.

ಗೇಟಿನಲ್ಲಿ ನಡೆದದ್ದೆಲ್ಲ ಇಲ್ಲಿಗೆ ತಲುಪಿದೆ. ನನಗೆ ಹೆಮ್ಮೆಯಾಯಿತು ಎಂದರೆ ನೀನು ಉಗಿಯುತ್ತೀಯ. ಆದರೂ ಆಯಿತು.

ನಿಮ್ಮಲ್ಲಿ ಯಾರೋ ಸಂಘದ ಸಮಿತಿಗೆ ದೂರು ಕೊಟ್ಟಿದ್ದಾರೆ, ಹಂಗಾಮಿಗಳನ್ನು ಕೇಳದೆ ಅವರ ಪಟ್ಟಿ ಬಳಸಿದರು ಎಂದು. ಈ ತಿಂಗಳ ಇಪ್ಪತ್ತಕ್ಕೆ ವಿಚಾರಣೆ. ಕಾರ್ಯದರ್ಶಿಗಳು ಎಲ್ಲವನ್ನೂ ನನ್ನ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದಾರೆ. ಸಹಿ ನನ್ನದು ತಾನೆ. ಈಗ ಎದುರಿಗೆ ಸಿಕ್ಕರೂ ಮಾತಾಡುವುದಿಲ್ಲ. ಮೂಲೆಯ ಕೋಣೆ ಖಾಲಿ ಮಾಡು ಎಂದಿದ್ದಾರೆ.

ನಿನ್ನ ಕೈಯಲ್ಲಿ ಒಂದು ಕಾಗದ ಬೇಕು. ಪಟ್ಟಿ ಯಾತಕ್ಕೆ ಎಂದು ನಿನಗೆ ಮೊದಲೇ ಗೊತ್ತಿತ್ತು, ತಿಳಿದೇ ಕೊಟ್ಟೆ ಎಂದು ನಾಲ್ಕು ಸಾಲು. ನಿನ್ನ ಕೆಲಸ ಹೇಗೂ ಹೋಗಿದೆ, ನಿನಗೆ ಇದರಿಂದ ಹೊಸದಾಗಿ ಕಳೆದುಕೊಳ್ಳುವುದೇನಿಲ್ಲ. ನನ್ನದು ಉಳಿಯುತ್ತದೆ.

ವಿಚಾರಣೆ ಮುಗಿದ ಮೇಲೆ ಒಂದು ದಿನ ನಿನ್ನನ್ನು ನೋಡಲು ಬರಬೇಕೆಂದಿದ್ದೇನೆ. ಬಂದರೆ ಬಾಗಿಲು ತೆರೆಯುತ್ತೀಯಾ?

ಗಂಟೆ


ಏಪ್ರಿಲ್ 11

ಗಂಟೆ,

ದರ್ಜಿ ಸೈಕಲ್ ತುಳಿದುಕೊಂಡು ಬಂದು ನಿನ್ನ ಕಾಗದ ಕೊಟ್ಟ. ನಾನೀಗ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸಕ್ಕಿದ್ದೇನೆ. ತಟ್ಟೆಯಲ್ಲಿ ಮಣ್ಣು ತುಂಬಿ, ಕಡ್ಡಿಯಿಂದ ತೂತು ಮಾಡಿ, ಒಂದೊಂದು ಬೀಜ ಬಿಡುವುದು. ಕೂತು ಮಾಡುವ ಕೆಲಸ. ಕತ್ತು ಈಗ ಮುಂದಕ್ಕೆ ನೋಯುತ್ತದೆ, ಅಷ್ಟೇ ವ್ಯತ್ಯಾಸ. ತೋಟದ ಲೈನಿನ ಮನೆ ಖಾಲಿ ಮಾಡಿಸಿದರು. ನಾನೂ ಅತ್ತೆಯೂ ಒಂದೇ ಕೋಣೆಯಲ್ಲಿದ್ದೇವೆ. ಬೆಳಕು ಚೆನ್ನಾಗಿ ಬರುತ್ತದೆ.

ಗೇಟಿನ ವಿಷಯ ನಿನಗೆ ಯಾರೋ ಹೇಳಿದ್ದಾರೆ, ನಾನೂ ಹೇಳುತ್ತೇನೆ. ಮೊದಲ ದಿನ ಅರವತ್ತೆರಡು ಜನ ತಲೆ ತಗ್ಗಿಸಿ ನಮ್ಮ ಮುಂದೆಯೇ ಒಳಗೆ ಹೋದರು. ಸಂಘದಿಂದ ಹಾಗೆಂದು ಸೂಚನೆ ಬಂದಿತ್ತಂತೆ. ಎರಡನೇ ದಿನ ಎಲ್ಲಿಂದಲೋ ಲಾರಿಯಲ್ಲಿ ಹೆಂಗಸರನ್ನು ತಂದರು. ನಾನು ಲಾರಿಯ ಹಿಂದಿನ ಹಲಗೆ ಹಿಡಿದು ನಿಂತು, ‘ಇಲ್ಲಿ ಹಣ್ಣು ಕೊಯ್ಯೋ ಮುಂಚೆ ಒಳಗಿನ ನೀರು ಕುಡಿದು ನೋಡ್ರಮ್ಮ’ ಎಂದಷ್ಟೇ ಹೇಳಿದೆ. ಒಂಬತ್ತು ಜನ ಇಳಿದರು, ಮಿಕ್ಕವರು ಒಳಗೆ ಹೋದರು. ನಾಲ್ಕನೇ ದಿನ ಟ್ರ್ಯಾಕ್ಟರಿನವನು, ಖಾಯಂ ಆದವನು, ಬೀಗದಕೈಯನ್ನು ಮೇಸ್ತ್ರಿಯ ಮೇಜಿನ ಮೇಲಿಟ್ಟು ಹೊರಗೆ ಬಂದು ನಮ್ಮ ಪಕ್ಕ ಕೂತ. ‘ಅವತ್ತು ನಿನ್ನ ಕಣ್ಣಿಗೆ ಹೊಡೆದಿದ್ದು ನಾನೇ ಅಲ್ವೇನಕ್ಕಾ’ ಎಂದ. ಸ್ವಲ್ಪ ಸರಿದು ಅವನಿಗೂ ನೆರಳಿನಲ್ಲಿ ಜಾಗ ಮಾಡಿದೆ. ಕೊಯ್ದ ಹಣ್ಣಿನ ಪೆಟ್ಟಿಗೆಗಳು ಬಿಸಿಲಿನಲ್ಲಿ ಕೂತವು. ಆರನೇ ದಿನ ಮಾಲೀಕರೇ ಗೇಟಿಗೆ ಬಂದರು. ಮಂಡಿನೋವು ನಿಜ ಕಣೇ, ನಿಲ್ಲಲು ಕಷ್ಟಪಟ್ಟರು.

ಈ ಕೊಯ್ಲಿಗೆ ಎಲ್ಲರಿಗೂ ಒಂದೇ ಕೂಲಿ. ಔಷಧಿ ಹೊಡೆದ ದಿನ ಯಾರೂ ಇಳಿಯಬಾರದೆಂದು ಹಲಗೆ ಬರೆಸಿ ತೂಗುಹಾಕಿದ್ದಾರೆ. ಎರಡು ಕಕ್ಕಸು, ಬಾಗಿಲು ಸಮೇತ. ನೀರಿಗೆ ಹೊಸ ಕೊಳಾಯಿ. ಮುಂದಿನ ವರ್ಷದ ಮಾತು ಯಾರೂ ಕೊಟ್ಟಿಲ್ಲ. ಬದಲಿಗೆ ಐದು ಜನರನ್ನು ಮತ್ತೆ ಸೇರಿಸುವುದಿಲ್ಲ ಎಂದರು. ಮೊದಲ ಹೆಸರು ನನ್ನದು. ದೊಡ್ಡಮ್ಮ ಒಪ್ಪಲೇ ಇಲ್ಲ, ಸೆರಗು ಹಿಡಿದು ಎಳೆದಳು. ಎಲ್ಲರನ್ನೂ ಕೂರಿಸಿ ಕೇಳಿದೆವು. ನಾವು ಐವರೂ ಆಗಲಿ ಎಂದೆವು. ಬಸುರಿಗೆ ಹೆಣ್ಣು ಮಗು.

ಇಲ್ಲಿ ಸಸಿ ಹೆಂಗಸರೂ ಮೊನ್ನೆ ನನ್ನನ್ನು ಕೇಳಿದರು, ನಮ್ಮ ಪರವಾಗಿ ಮಾತಾಡುತ್ತೀಯಾ ಎಂದು. ಒಬ್ಬಳೇ ಹೋಗುವುದಿಲ್ಲ, ಮೂವರನ್ನು ಕಳಿಸಿ ಎಂದಿದ್ದೇನೆ. ‘ಯಾಕಕ್ಕಾ, ನಿಮ್ಮ ಮೇಲೆ ನಂಬಿಕೆ ಇದೆ’ ಎಂದರು. ಅದಕ್ಕೇ ಎಂದೆ.

ದೂರು ಕೊಟ್ಟದ್ದು ಯಾರೋ ಅಲ್ಲ. ನಾನೇ. ಐವತ್ತೆಂಟು ಜನರೂ ಹೆಬ್ಬೆಟ್ಟು ಒತ್ತಿದ್ದಾರೆ, ಬರೆದದ್ದು ನಾನು. ನನ್ನ ಅಕ್ಷರ ನಿನಗೆ ತೋರಿಸಲಿಲ್ಲವೇ ಅವರು?

ನೀನು ಕೇಳಿದ ಕಾಗದವನ್ನೂ ಬರೆದಿದ್ದೇನೆ, ಬೇರೆ ಹಾಳೆಯಲ್ಲಿ ಇದೆ. ಅದರಲ್ಲಿರುವುದು ಇಷ್ಟು:

‘ಮಾನ್ಯ ಸಮಿತಿಯವರಿಗೆ. ಪಟ್ಟಿಯನ್ನು ಬರೆದವಳು ನಾನು. ಅದು ಯಾತಕ್ಕೆ ಎಂದು ನನಗೆ ತಿಳಿದಿರಲಿಲ್ಲ. ಪಟ್ಟಿ ಕೇಳಿದ ಇವರು ತಿಳಿಸಲಿಲ್ಲ. ಆದರೆ ಎಳೆದ ಗೆರೆ ಇವರದಲ್ಲ. ಅದನ್ನು ಎಳೆದವರು ಕಾರ್ಯದರ್ಶಿಗಳು, ಮತ್ತು ನಿಮ್ಮ ಸಮಿತಿಯೇ ಅದನ್ನು ಒಪ್ಪಿತು. ಇವರ ತಪ್ಪು ಇವರದು, ನಿಮ್ಮ ತಪ್ಪನ್ನೂ ಇವರ ತಲೆಗೆ ಕಟ್ಟಬೇಡಿ. ಇವರು ಹನ್ನೊಂದು ವರ್ಷ ನಮ್ಮ ಜೊತೆ ದುಡಿದಿದ್ದಾರೆ, ಇವರಷ್ಟು ಗಟ್ಟಿಯಾಗಿ ನಮ್ಮ ಪರವಾಗಿ ಕೂಗಿದವರು ಇನ್ನೊಬ್ಬರಿಲ್ಲ. ಎರಡೂ ನಿಜ.’

ಲಕೋಟೆ ಅಂಟಿಸಿಲ್ಲ. ನೀನೇ ಅವರ ಕೈಗೆ ಕೊಡು. ಕೊಡದೆ ಹರಿದು ಹಾಕಿದರೂ ನಡೆಯುತ್ತದೆ, ಇದರ ನಕಲು ದರ್ಜಿಯ ಹತ್ತಿರ ಇದೆ. ಮುಂಚೆ ನಾನು ನಕಲು ಇಟ್ಟುಕೊಳ್ಳುವವಳಾಗಿರಲಿಲ್ಲ.

ಬರುತ್ತೇನೆ ಎಂದಿದ್ದೀಯ. ಬಸ್ ಸ್ಟ್ಯಾಂಡಿನಿಂದ ಸೀದಾ ಬಂದರೆ ನೀರಿನ ಟ್ಯಾಂಕಿನ ಪಕ್ಕ ಹಸಿರು ಬಾಗಿಲು, ಅದರ ಹಿಂದಿನ ಕೋಣೆ ನಮ್ಮದು. ಭಾನುವಾರ ಇಡೀ ದಿನ ಮನೆಯಲ್ಲಿರುತ್ತೇನೆ. ಬಾಗಿಲು ತೆರೆಯುತ್ತೇನೆ, ಕಾಲಿಗೆ ನೀರು ಕೊಡುತ್ತೇನೆ, ಚಹಾ ಮಾಡುತ್ತೇನೆ. ಮನೆಗೆ ಯಾರು ಬಂದರೂ ನಾವು ಮಾಡುವುದು ಅಷ್ಟನ್ನೇ.

ಇತಿ,
ಕತ್ತರಿ